ಚೇಳಿನ ವಿಷವೆಂದು ಬಂದ ಕೂಸು

ನಾಲ್ಕು ವರ್ಷದ ಹಿಂದೆ, ದೀಪಾವಳಿ ಮುಗಿದ ಮೊದಲ ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಕುಷ್ಟಗಿಯ ಸರ್ಕಾರಿ ಆಸ್ಪತ್ರೆಯ ಮಕ್ಕಳ ಕೋಣೆಯಲ್ಲಿ ನಾನು ಮತ್ತು ಸಿಸ್ಟರ್ ಮಹಾದೇವಿ ಇಬ್ಬರೇ ಇದ್ದೆವು. ನಾನು ಅಲ್ಲಿ ಮಕ್ಕಳ ವೈದ್ಯೆ. ನಿವೃತ್ತಿ ಹತ್ತಿರ ಬಂದಿತ್ತು. ಮಹಾದೇವಿ ಪೂರ್ವದ ಕಿಟಕಿ ತೆರೆದು, ಮೇಜಿನ ಮೇಲೆ ಒಗೆದ ಬಟ್ಟೆ ಹಾಸಿ, ತೂಕದ ಯಂತ್ರವನ್ನು ಸೊನ್ನೆಗೆ ತಂದಿದ್ದರು. ಈ ಕೆಲಸಗಳು ಆಗದೆ ನನ್ನ ಕೋಣೆಗೆ ಮೊದಲ ರೋಗಿಯನ್ನು ಕರೆಯುವಂತಿರಲಿಲ್ಲ. ಹೊರಗೆ ಎಷ್ಟೇ ಗದ್ದಲವಿರಲಿ, ಕ್ರಮ ಕ್ರಮವೇ.

ಕೋಣೆಯ ಮೂಲೆಯ ಕಬ್ಬಿಣದ ಬೀರುವಿನಲ್ಲಿ ನನ್ನ ಸ್ವಂತದ ಎರಡು ಪುಸ್ತಕಗಳಿದ್ದವು. ಎರಡೂ ಎಳೆಯ ಮಕ್ಕಳ ಚರ್ಮರೋಗಗಳ ಆಕರ ಗ್ರಂಥಗಳು. ಒಂದು ದಪ್ಪದ್ದು, ಬಹುಪಾಲು ಬರೀ ಅಕ್ಷರ. ಇನ್ನೊಂದು ಬಣ್ಣದ ಚಿತ್ರಗಳದು. ನಾವು ವೈದ್ಯರು ಅದನ್ನು ಅಟ್ಲಾಸ್ ಎನ್ನುತ್ತೇವೆ. ಸ್ನಾತಕೋತ್ತರ ಓದು ಮುಗಿಸಿದ ವರ್ಷ ಹುಬ್ಬಳ್ಳಿಯ ಹಳೆ ಪುಸ್ತಕದ ಅಂಗಡಿಯಲ್ಲಿ ಎರಡನ್ನೂ ಕೊಂಡು, ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದೆ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, "ಏನವ್ವ, ಬಾಣಂತಿ ಕೂಸಿನ್ನ ಹಿಡಕೊಂಡಂಗ ಹಿಡಕೊಂಡಿಯಲ್ಲ, ಒಳಗೇನೈತಿ?" ಎಂದು ಕೇಳಿದ್ದರು. ಆಮೇಲೆ ಯಲಬುರ್ಗಾ, ಗಂಗಾವತಿ, ಕುಷ್ಟಗಿ ಎಂದು ನನ್ನ ವರ್ಗಾವಣೆ ಆದಲ್ಲೆಲ್ಲ ಆ ಪುಸ್ತಕಗಳು ಅದೇ ಟ್ರಂಕಿನಲ್ಲಿ ನನ್ನ ಜೊತೆ ತಿರುಗಿದವು. ಮಹಾದೇವಿ ದಪ್ಪ ಗ್ರಂಥವನ್ನು 'ದೊಡ್ಡಾಕಿ' ಎಂದೂ ಚಿತ್ರದ ಪುಸ್ತಕವನ್ನು 'ಸಣ್ಣಾಕಿ' ಎಂದೂ ಕರೆಯುತ್ತಿದ್ದರು. "ಬಾಯಾರ, ಇವತ್ತ ದೊಡ್ಡಾಕಿನ್ನ ಎಬ್ಬಸಬೇಕೋ, ಸಣ್ಣಾಕಿ ಸಾಕೋ?" ಎಂದು ಅವರು ಕೇಳಿದರೆ, ಕೇಸು ಎಷ್ಟು ಕಠಿಣ ಎಂದು ಕೇಳುತ್ತಿದ್ದಾರೆ ಎಂದರ್ಥ.

ಚಿತ್ರದ ಪುಸ್ತಕದಲ್ಲಿ ಒಂದು ತೊಡಕಿತ್ತು. ಅದರ ಕೂಸುಗಳೆಲ್ಲ ಬಿಳಿಯ ತೊಗಲಿನವು, ದೂರದ ಚಳಿ ದೇಶದವು. ಪುಸ್ತಕ 'ಅಚ್ಚ ಕೆಂಪು' ಎಂದು ಬರೆದಲ್ಲಿ ನಮ್ಮ ಕೂಸುಗಳ ಮೈಮೇಲೆ ಕೆಂಪು ಕಾಣುವುದಿಲ್ಲ. ಕಂದು, ನೇರಳೆ, ಕೆಲವೊಮ್ಮೆ ಬರೀ ಕಪ್ಪು ಕಾಣುತ್ತದೆ. ಹೊಸದರಲ್ಲಿ ಯಲಬುರ್ಗಾದಲ್ಲಿ ಇದು ನನಗೆ ಅರ್ಥವಾಗಲು ಒಂದು ಬೇಸಿಗೆ ಹಿಡಿಯಿತು. ಆಮೇಲೆ ಪ್ರತಿ ಚಿತ್ರದ ಪಕ್ಕ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾ ಹೋದೆ: 'ನಮ್ಮಲ್ಲಿ ಕಂದು.' 'ನಮ್ಮಲ್ಲಿ ಅಂಚು ಮಾತ್ರ ಕಪ್ಪು.' 'ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ.' ಈಗಿನ ಎಳೆಯ ವೈದ್ಯರು ಇದನ್ನೆಲ್ಲ ಫೋನಿನಲ್ಲೇ ನೋಡುತ್ತಾರೆ. ಬೇಗ ಸಿಗುತ್ತದೆ, ನಮ್ಮ ಬಣ್ಣದ ಕೂಸುಗಳೂ ಸಿಗುತ್ತವೆ, ನಾನೂ ನೋಡುತ್ತೇನೆ. ಆದರೂ ಆ ಹಾಳೆ ತಿರುವುವ ಸದ್ದು, ಹಾಳೆಗಳ ನಡುವೆ ಉಳಿದ ಬೇಬಿ ಪೌಡರಿನ ವಾಸನೆ ನೆನಪಾದರೆ ಮನಸ್ಸು ಹಳೆಯ ಕೋಣೆಗೆ ಹೋಗಿ ಕೂರುತ್ತದೆ.

ಚರ್ಮ ನೋಡುವ ಕ್ರಮವನ್ನು ನನಗೆ ಕಲಿಸಿದ ಗುರುಗಳು ಬಹಳ ಕಟ್ಟುನಿಟ್ಟಿನವರು. ಕೂಸನ್ನು ತಾಯಿಯ ತೊಡೆಯ ಮೇಲೆಯೇ ನೋಡಬೇಕು. ಹಗಲು ಬೆಳಕಿನಲ್ಲಿ, ಉಡದಾರ ಒಂದನ್ನು ಬಿಟ್ಟು ಎಲ್ಲ ತೆಗೆಸಿ, ನೆತ್ತಿಯಿಂದ ಪಾದದವರೆಗೆ ನೋಡಬೇಕು. ಕಂಡದ್ದನ್ನು ಮೊದಲು ಬರೆಯಬೇಕು, ಆಮೇಲೆ ಪುಸ್ತಕ ತೆರೆಯಬೇಕು. ಕೊನೆಯದಾಗಿ, ಪುಸ್ತಕದ ಚಿತ್ರವನ್ನು ಮನೆಯವರಿಗೆ ಎಂದೂ ತೋರಿಸಬಾರದು. ಆಕರ ಗ್ರಂಥದಲ್ಲಿ ಇರುವುದು ರೋಗದ ಅತಿ ಕೆಟ್ಟ ರೂಪ. ಮನೆಯವರು ಅದನ್ನೇ ಕಣ್ಣಲ್ಲಿ ಇಟ್ಟುಕೊಂಡು ಹೋಗುತ್ತಾರೆ, ನೀವು ಹೇಳಿದ ಧೈರ್ಯದ ಮಾತು ಬಾಗಿಲಲ್ಲೇ ಬಿದ್ದುಹೋಗುತ್ತದೆ ಎನ್ನುತ್ತಿದ್ದರು. ಆ ಸೋಮವಾರದವರೆಗೆ ನಾನು ಯಾವ ನಿಯಮವನ್ನೂ ಮೀರಿರಲಿಲ್ಲ.

ಮೊದಲು ಒಳಗೆ ಬಂದವರು ಹನುಮವ್ವ. ಯಲಬುರ್ಗಾ ರಸ್ತೆಯ ಹಳ್ಳಿಯೊಂದರವರು, ಐವತ್ತೈದರ ಆಸುಪಾಸು. ಎದೆಗವಚಿಕೊಂಡ ಹಳೆಯ ಸೀರೆಯ ಮಡಿಕೆಯಲ್ಲಿ ಎಂಟು ತಿಂಗಳ ಮೊಮ್ಮಗಳು ಗಂಗಾ. ಹಿಂದೆ ಕೂಸಿನ ಅಪ್ಪ ಬಸವರಾಜ, ಕೈಯಲ್ಲಿ ಫೋನು. ಕೂಸಿನ ಅಳು ಅವರಿಗಿಂತ ಮೊದಲೇ ಒಳಗೆ ಬಂದಿತ್ತು. ಜೋರಿನ ಅಳುವಲ್ಲ, ಸಣ್ಣಗೆ, ಬಿಡದೆ, ದಣಿದ ಅಳು.

"ಕೂಸಿನ ತಾಯಿ ಎಲ್ಲಿ?" ಎಂದೆ.

"ಹೊರಗ ಕುಂತಾಳ್ರಿ. ಆಕಿ ಮುಟ್ಟಂಗಿಲ್ರಿ ಬಾಯಾರ. ಆಕಿ ಮೈಯಾಗ ಚೇಳಿನ ವಿಷ ಐತಿ."

"ಯಾವಾಗ ಕಡೀತು?"

"ಗಣೇಶನ ಹಬ್ಬದ ಮುಂದ್ರಿ. ದಾಳಿಂಬ್ರಿ ತ್ವಾಟಕ್ಕ ಕೂಲಿಗೆ ಹೋಗಿದ್ಲು. ಕಲ್ಲ ಎತ್ತ್ಯಾಳ, ಕೆಳಗ ಕೆಂಪ ಚೇಳು. ಕಾಲುವಿ ಸೀಮ್ಯಾಗ ಬೆಳದಾಕ್ರಿ ಆಕಿ, ಕೆಸರ ತುಳಿಯೂದು ಗೊತ್ತು, ಕಲ್ಲ ಎತ್ತೂದು ಗೊತ್ತಿಲ್ಲ."

ಸೊಸೆ ರೇಣವ್ವ ಬೇರೆಯವಳಲ್ಲ, ಹನುಮವ್ವನ ತಮ್ಮನ ಮಗಳೇ. ತಮ್ಮ ಕೂಲಿಗೆಂದು ಗಂಗಾವತಿ ಕಡೆಗೆ ಹೋಗಿ ಅಲ್ಲೇ ನೆಲೆ ನಿಂತವರು. ಚೇಳು ಕಡಿದ ದಿನ ಇವರೇ ಆಕೆಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಮರುದಿನವೇ ಆಕೆ ನಡೆದುಕೊಂಡು ಮನೆಗೆ ಬಂದಿದ್ದಾಳೆ. ಆದರೆ ಅಂದಿನಿಂದ ಹನುಮವ್ವ ಕೂಸನ್ನು ತಾಯಿಯ ಎದೆಗೆ ಬಿಟ್ಟಿಲ್ಲ. ಚೇಳಿನ ವಿಷ ಹಾಲಿಗೆ ಇಳಿಯುತ್ತದೆ, ಆ ಹಾಲು ಕುಡಿದರೆ ಕೂಸಿಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಮನೆಯ ಎಮ್ಮೆಯ ಹಾಲಿಗೆ ನೀರು ಬೆರೆಸಿ ಕುಡಿಸಿದ್ದಾರೆ. ದಸರೆಯ ಹೊತ್ತಿಗೆ ಕೂಸಿನ ಬಾಯಿಯ ಸುತ್ತ ಹುಣ್ಣು ಎದ್ದಿತು. ಆಮೇಲೆ ಭೇದಿ. ಆಮೇಲೆ ಕೂದಲು ಉದುರಿತು. ಮೊದಲು ಇದು ಅಮ್ಮ, ಸಿಡುಬಿನಂಥದ್ದು ಎಂದುಕೊಂಡು ಬೇವಿನ ನೀರು ಎರೆದರು. ಔಷಧ ಅಂಗಡಿಯಿಂದ ಬಗೆಬಗೆಯ ಮುಲಾಮು ತಂದು ಹಚ್ಚಿದರು.

"ಫೋನಿನ್ಯಾಗ ಫೋಟೋ ಹಾಕಿದ್ರ ಫಂಗಸ್ ಅಂತ ಬಂತ್ರಿ," ಎಂದ ಬಸವರಾಜ.

"ನಿನ್ನ ಫೋನಿಗೆ ಚೇಳ ಕಡದಿಲ್ಲ, ಅದಕ್ಕೇನ ತಿಳೀತೈತಿ," ಎಂದರು ಹನುಮವ್ವ. ನನ್ನ ಕಡೆ ತಿರುಗಿ, "ತಾಯಿ ಹಾಲಿನ್ಯಾಗ ಹ್ವಾದ ವಿಷ ಈಗ ಹೊರಗ ಬರಾಕತ್ತೈತ್ರಿ. ಮಧ್ಯಾಹ್ನದ ಬಸ್ಸಿಗೆ ವಿಷ ಇಳಸವ್ರ ಕಡಿ ಹೊಂಟೀವಿ. ಬೆನ್ನಿಗೆ ಸಣ್ಣದೊಂದು ಬರಿ ಹಾಕ್ತಾರಂತ. ಸೊಸಿನ್ನ ತವರಿಗೆ ಕಳಸ್ತೀವಿ, ವಿಷ ಇಳಿಯೂತನಾ ಅಲ್ಲೇ ಇರ್ಲಿ. ಇವನ ಒತ್ತಾಯಕ್ಕ ನಿಮ್ಮ ಕಡಿ ಬಂದೀನಿ."

ಬರೆ ಎಂದರೆ ಕಾಯಿಸಿದ ಕಬ್ಬಿಣ. ಆ ಕೂಸಿನ ತೊಗಲಿಗೆ ಕಾಯಿಸಿದ ಕಬ್ಬಿಣ ಮುಟ್ಟಿದರೆ ಅದು ಉಳಿಯುವುದಿಲ್ಲವೆಂದು ಮಡಿಕೆಯ ಹೊರಗೆ ಕಾಣುತ್ತಿದ್ದ ಮುಖ ನೋಡಿಯೇ ನನಗೆ ಗೊತ್ತಾಯಿತು. ವಾದಕ್ಕೆ ಹೊತ್ತಿರಲಿಲ್ಲ. ನನ್ನ ಕ್ರಮವನ್ನೇ ಮುಂದೆ ಹಿಡಿದೆ.

"ತಾಯಿ ತೊಡಿ ಮ್ಯಾಲಿಲ್ಲದ ಕೂಸಿನ್ನ ನಾ ನೋಡೂದಿಲ್ಲ ಹನುಮವ್ವ. ಸಿಸ್ಟರ್, ತಾಯಿನ್ನ ಕರೀರಿ."

ಹನುಮವ್ವ ಕೂಸನ್ನು ಇನ್ನಷ್ಟು ಬಿಗಿ ಹಿಡಿದರು. ಮಹಾದೇವಿ ಆಗಲೇ ಬಾಗಿಲ ಹೊರಗಿದ್ದರು. ಇಪ್ಪತ್ತೆರಡರ ಹುಡುಗಿ ರೇಣವ್ವ ಒಳಗೆ ಬಂದು, ಅತ್ತೆಯ ಮುಖವನ್ನೇ ನೋಡುತ್ತ ಸ್ಟೂಲಿನ ಅಂಚಿಗೆ ಕುಳಿತಳು. ಮಹಾದೇವಿ, "ಕೊಡ್ರಿ ಯಕ್ಕಾ, ಬಾಯಾರು ಒಮ್ಮಿ ಹೇಳಿದ್ರ ಮುಗೀತು. ನಮಗೂ ಬೈತಾರ," ಎಂದು ಮೆಲ್ಲಗೆ ಕೂಸನ್ನು ಬಿಡಿಸಿ ತಾಯಿಯ ತೊಡೆಗೆ ಇಟ್ಟರು. ಕೂಸು ಅಳುತ್ತಲೇ ಮುಖವನ್ನು ತಾಯಿಯ ಎದೆಯ ಕಡೆಗೆ ತಿರುಗಿಸಿತು. ರೇಣವ್ವ ಅದನ್ನು ಮುಟ್ಟಲೋ ಬೇಡವೋ ಎಂಬಂತೆ ಎರಡೂ ಕೈಗಳನ್ನು ಗಾಳಿಯಲ್ಲೇ ಹಿಡಿದಿದ್ದಳು.

ಬಟ್ಟೆ ತೆಗೆಸಿ ಕಿಟಕಿಯ ಬೆಳಕಿನಲ್ಲಿ ನೋಡಿದೆ. ಬಾಯಿಯ ಸುತ್ತ ಕುದುರೆ ಲಾಳದ ಆಕಾರದಲ್ಲಿ ಸುಲಿದ, ಹೊಪ್ಪಳೆಗಟ್ಟಿದ ಕಪ್ಪು ಅಂಚು. ಕುಂಡೆಯ ಮೇಲೆ, ತೊಡೆಯ ಸಂದಿನಲ್ಲಿ ಅದೇ. ಬೆರಳ ತುದಿಗಳಲ್ಲಿ, ಉಗುರಿನ ಬುಡದಲ್ಲಿ ಅದೇ. ಎದೆ, ಹೊಟ್ಟೆ, ಬೆನ್ನು ಬಹುತೇಕ ಸ್ವಚ್ಛ. ರೆಪ್ಪೆ, ಹುಬ್ಬು ಉದುರಿವೆ. ತೂಕ ಇರಬೇಕಾದದ್ದಕ್ಕಿಂತ ಬಹಳ ಕಡಿಮೆ. ಇಷ್ಟನ್ನೂ ಬರೆದು ಮುಗಿಸಿ ಪೆನ್ನು ಕೆಳಗಿಟ್ಟೆ.

"ಸಿಸ್ಟರ್, ಇಬ್ಬರನ್ನೂ ಎಬ್ಬಿಸಿರಿ," ಎಂದೆ. ಮಹಾದೇವಿ ಬೀರು ತೆರೆದರು.

ನನ್ನ ಊಹೆ ಇದ್ದದ್ದು ಝಿಂಕ್ ಕೊರತೆಯ ಮೇಲೆ. ಝಿಂಕ್ ಎಂದರೆ ಸತು. ದೇಹಕ್ಕೆ ಬೇಕಾದದ್ದು ಅತ್ಯಲ್ಪ, ಆದರೆ ಅದಿಲ್ಲದೆ ಎಳೆಯ ತೊಗಲು ಬೆಳೆಯುವುದಿಲ್ಲ. ದೇಹದ ಬಾಗಿಲುಗಳ ಸುತ್ತ ಮತ್ತು ಕೈಕಾಲ ತುದಿಗಳಲ್ಲಿ ಮಾತ್ರ ಹುಣ್ಣು, ಜೊತೆಗೆ ಭೇದಿ, ಕೂದಲು ಉದುರುವುದು, ಬಿಡದ ಅಳು. ಇವೆಲ್ಲ ಕೂಡಿದರೆ ಮೊದಲು ನೆನಪಾಗಬೇಕಾದದ್ದು ಅದೇ. ಓದಿದ್ದೆ, ನನ್ನ ಕೈಗೆ ಅಂಥ ಕೂಸು ಬಂದದ್ದು ಅದೇ ಮೊದಲು. ದಪ್ಪ ಗ್ರಂಥದಲ್ಲಿ ಅದರ ಎರಡು ಬಗೆಗಳು ಎದುರುಬದುರು ಪುಟಗಳಲ್ಲಿ ಇದ್ದವು. ಎಡಪುಟದ್ದು ಹುಟ್ಟಿನಿಂದ ಬಂದದ್ದು: ಕೂಸಿನ ಕರುಳಿಗೆ ಝಿಂಕ್ ಹೀರಿಕೊಳ್ಳುವ ಶಕ್ತಿ ಕಡಿಮೆ. ತಾಯಿಯ ಹಾಲಿನಲ್ಲಿರುವುದು ಸುಲಭವಾಗಿ ಹಿಡಿಯುವುದರಿಂದ ಹಾಲು ಕುಡಿಯುವವರೆಗೆ ಕೂಸು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಹಾಲು ಬಿಡಿಸಿದ ಕೆಲವು ವಾರಕ್ಕೆ ಹುಣ್ಣು ಏಳುತ್ತದೆ. ಬಲಪುಟದ್ದು ಅದಕ್ಕೆ ತಿರುಗಾಮುರುಗಾ: ತಾಯಿಯ ಹಾಲಿನಲ್ಲೇ ಝಿಂಕ್ ಕಡಿಮೆ, ಹಾಲು ಕುಡಿಯುತ್ತಿರುವಾಗಲೇ ಹುಣ್ಣು ಬರುತ್ತದೆ. ಎರಡರ ಹುಣ್ಣೂ ನೋಡಲು ಒಂದೇ. ಎರಡಕ್ಕೂ ಔಷಧ ಝಿಂಕೇ. ಆದರೆ ರೇಣವ್ವನ ಹಾಲಿನ ಬಗ್ಗೆ ನಾನು ಏನು ಹೇಳಬೇಕೆಂಬುದು ಈ ಎರಡು ಪುಟಗಳಲ್ಲಿ ಯಾವುದು ನಿಜ ಎಂಬುದರ ಮೇಲೆ ನಿಂತಿತ್ತು.

"ಹನುಮವ್ವ, ಚೇಳು ಕಡದ ದಿನ ಕೂಸಿನ ಮೈ ಹೆಂಗಿತ್ತು?"

"ಬೆಣ್ಣಿ ಮುದ್ದಿ ಇದ್ದಂಗಿತ್ರಿ! ಓಣಿ ಮಂದಿ ದೃಷ್ಟಿ ತಗದ ತಗದ ನನ್ನ ಕೈ ಸೋತಿದ್ದುವು."

"ಅಲ್ಲಿತನಾ ಬರೀ ತಾಯಿ ಹಾಲ?"

"ಬರೀ ತಾಯಿ ಹಾಲ್ರಿ. ಅದಕ್ಕ ಹೇಳೂದು, ವಿಷ ಬೀಳೂ ಮೊದಲ ಛಲೋ ಇತ್ತು, ಬಿದ್ದ ಮ್ಯಾಲ ಹಿಂಗಾತು."

ಎಡಪುಟ. ಹನುಮವ್ವ ಹೇಳಿದ ಕ್ರಮ ನೂರಕ್ಕೆ ನೂರು ಸರಿಯಾಗಿತ್ತು. ತಪ್ಪಿದ್ದು ಕಾರಣ ಒಂದೇ. ಕೂಸನ್ನು ಕಾಯುತ್ತಿದ್ದುದನ್ನೇ ಕೂಸಿನಿಂದ ದೂರ ಇಟ್ಟಿದ್ದರು. ಅದೂ ಅತಿ ಪ್ರೀತಿಯಿಂದ. ಇದನ್ನು ಹೇಗೆ ಹೇಳುವುದು? "ವಿಷವಿಲ್ಲ" ಎಂದರೆ ನಂಬುವವರಲ್ಲ. ಗೋಡೆಯ ಗಡಿಯಾರ ನೋಡಿ ಹನುಮವ್ವ ಆಗಲೇ ಎದ್ದಿದ್ದರು. "ಮುಲಾಮು ಬರದ ಕೊಡ್ರಿ, ಹಚ್ಕೋತ ಹೋಗ್ತೀವಿ," ಎಂದು ಕೂಸಿನ ಕಡೆ ಕೈ ಚಾಚಿದರು.

ನಾನು ಚಿತ್ರದ ಪುಸ್ತಕವನ್ನು ತಿರುಗಿಸಿ ಅವರ ಮುಂದೆ ಇಟ್ಟೆ. ಮಹಾದೇವಿ ನನ್ನ ಮುಖ ನೋಡಿದರು. ಇಷ್ಟು ವರ್ಷದಲ್ಲಿ ನಾನು ಹಾಗೆ ಮಾಡಿದ್ದನ್ನು ಅವರು ಕಂಡಿರಲಿಲ್ಲ.

ಹನುಮವ್ವನಿಗೆ ಓದು ಬರುತ್ತಿರಲಿಲ್ಲ. ಚಿತ್ರ ನೋಡಿದ ಕೂಡಲೇ ನಿಂತಲ್ಲೇ ಕುಳಿತರು. ಕೂಸಿಗೆ ಹಚ್ಚಿದ ಎಣ್ಣೆ ಹತ್ತಿದ್ದ ತೋರುಬೆರಳನ್ನು ಚಿತ್ರದ ಕೂಸಿನ ಬಾಯಿಯ ಮೇಲಿಟ್ಟರು, ಆಮೇಲೆ ಮೊಮ್ಮಗಳ ಬಾಯಿ ನೋಡಿದರು. ಚಿತ್ರದ ಕೈ, ಮೊಮ್ಮಗಳ ಕೈ. ಹೀಗೇ ಪೂರ್ತಿ ಮೈ ಹೋಲಿಸಿ ನೋಡಿದರು.

"ಅಯ್ಯ ನಮ್ಮವ್ವ! ಅವ ಹುಣ್ಣು, ಅದ ಜಾಗಾ. ಯಾರ ಕೂಸ್ರಿ ಇದು?"

"ಪರದೇಶದ್ದು."

"ಬೆಳ್ಳಗ ಐತಿ. ಹುಣ್ಣ ಮಾತ್ರ ನಮ್ಮವ." ಆಮೇಲೆ ತಲೆ ಎತ್ತಿ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು: "ಈ ದೊರಿ ಕೂಸಿನ ತಾಯಿಗೂ ಚೇಳ ಕಡದಿತ್ತೇನ್ರಿ?"

ಮಹಾದೇವಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ನಾನು ಗಂಭೀರವಾಗಿಯೇ ಹೇಳಿದೆ: "ಆ ಸೀಮ್ಯಾಗ ಹಿಮ ಬೀಳತೈತಿ ಹನುಮವ್ವ. ಚೇಳ ಹುಡುಕಿದ್ರೂ ಸಿಗೂದು ಕಠಿಣ. ಈ ಬ್ಯಾನಿಗೆ ಚೇಳ ಬೇಕಾಗಿಲ್ಲ."

"ಮತ್ಯಾಕ ಬಂತು?"

"ಉಣ್ಣೂದ್ರಾಗ ಝಿಂಕ್ ಅಂತ ಒಂದು ಸತ್ವ ಇರತೈತಿ. ಕೆಲವೊಂದು ಕೂಸಿನ ಹೊಟ್ಟಿಗೆ ಅದನ್ನ ಹಿಡಕೊಳ್ಳೂ ತಾಕತ್ತು ಹುಟ್ಟಿದಾಗಿಂದ ಕಡಿಮಿ. ತಾಯಿ ಹಾಲಿನ್ಯಾಗಿಂದು ಹೆಂಗೋ ಹಿಡಕೊಂತೈತಿ. ಎಮ್ಮಿ ಹಾಲಿನ್ಯಾಗಿಂದು ಹಿಡಕೊಳ್ಳಾಕ ಆಗವಲ್ದು."

ಹನುಮವ್ವ ಸೊಸೆಯ ಕಡೆ ನೋಡಲಿಲ್ಲ. ಬೆರಳು ಚಿತ್ರದ ಮೇಲೆಯೇ ಇತ್ತು. ಕೊನೆಗೆ, ಪಟ್ಟು ಸಡಿಲಿಸದ ದನಿಯಲ್ಲಿ, "ಅದಿರ್ಲಿ. ಆದ್ರ ಆಕಿ ಹಾಲಿನ್ಯಾಗ ವಿಷ ಇಲ್ಲ ಅನ್ನಾಕ ಏನ್ ಗುರ್ತ?" ಎಂದರು.

ಆಗ ರೇಣವ್ವ ಬಾಯಿ ತೆರೆದಳು. ಕೋಣೆಗೆ ಬಂದಮೇಲೆ ಅದೇ ಮೊದಲ ಮಾತು.

"ಅತ್ತಿ, ಹಿತ್ತಲದಾಗಿನ ಬೇವಿನ ಸಸಿ ನೋಡಿಯೇನು?"

"ಅದಕ್ಕೇನಾಗೈತಿ?"

"ದಿನಾ ನಸಿಕಿಲೆ ಅದರ ಬುಡಕ್ಕ ಹಾಲ ಹಿಂಡಿ ಬರ್ತೀನಿ. ಬತ್ತಿ ಹೋಗಬಾರ್ದು, ಒಂದಿನ ಕುಡಸು ಅಂದೀ ಅಂತ. ತುಳಿಯೂ ಜಾಗಕ್ಕ ಚೆಲ್ಲಬಾರ್ದು ಅಂತ ನೀನ ಹೇಳಿದ್ದಿ." ಆಕೆಯ ಕೈಗಳು ಈಗ ಕೂಸಿನ ಮೈಮೇಲಿದ್ದವು. "ವಿಷ ಇದ್ದಿದ್ರ ಅದು ಒಣಗಬೇಕಿತ್ತಲ್ಲ."

"ಮತ್ತ ಹೆಂಗೈತೀಗ ಸಸಿ?" ಎಂದು ಮಹಾದೇವಿ ತಡೆಯಲಾರದೆ ಕೇಳಿದರು.

ಉತ್ತರ ಕೊಟ್ಟದ್ದು ಬಸವರಾಜ. "ಮೊಳಕಾಲ ಮಟ ಇದ್ದದ್ದು ಸೊಂಟದ ಮಟ ಆಗೈತ್ರಿ. ಅವ್ವನ ನಿನ್ನಿ ಆಡು ಕಟ್ಟಬ್ಯಾಡ್ರಿ, ಚಿಗರ ತಿಂತಾವು ಅಂತ ಬೈದಾಳ."

ಹನುಮವ್ವ ಮಗನನ್ನು ದುರುಗುಟ್ಟಿ ನೋಡಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಕೇಳಿದರು: "ಎಷ್ಟ ದಿನ ಬೇಕ್ರಿ ನಿಮಗ?"

"ಮೂರು ದಿನ. ಗುರುವಾರದಾಗ ಕೂಸಿನ ಅಳು ಕಡಿಮಿ ಆಗಲಿಲ್ಲಂದ್ರ ನಾನ ಕೊಪ್ಪಳದ ದೊಡ್ಡ ಆಸ್ಪತ್ರಿಗೆ ಕರಕೊಂಡ ಹೋಗ್ತೀನಿ. ಬರಿ ಮಾತ್ರ ಹಾಕಸಂಗಿಲ್ಲ. ತಾಯಿ ಕೂಸು ಒಂದ ಮಂಚದ ಮ್ಯಾಲ."

"ನಾನೂ ಇರಾಕಿ," ಎಂದರು ಹನುಮವ್ವ.

ಝಿಂಕ್ ಮಟ್ಟ ತಿಳಿಯಲು ರಕ್ತ ತೆಗೆದು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದೆವು. ವರದಿ ಬರಲು ದಿನಗಳು ಬೇಕು, ಅಲ್ಲಿಯವರೆಗೆ ಕಾಯುವಂತಿರಲಿಲ್ಲ. ಔಷಧವನ್ನು ದೂರದಿಂದ ತರಿಸಬೇಕಾಗಿಯೂ ಇರಲಿಲ್ಲ. ಭೇದಿಯ ಮಕ್ಕಳಿಗೆ ಓಆರ್‌ಎಸ್ ಪುಡಿಯ ಜೊತೆ ಕೊಡುವ ಝಿಂಕ್ ಮಾತ್ರೆಗಳು ನಮ್ಮ ಔಷಧ ಕೋಣೆಯಲ್ಲಿ ಪೆಟ್ಟಿಗೆಗಟ್ಟಲೆ ಇದ್ದವು. ಕೂಸಿನ ತೂಕಕ್ಕೆ ತಕ್ಕ ಪ್ರಮಾಣ ಲೆಕ್ಕ ಹಾಕಿ, ಕಾಯಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಕೊಡಲು ಆರಂಭಿಸಿದೆವು. ಹುಣ್ಣು ಕೀವಾದಲ್ಲಿ ಅದಕ್ಕೆ ಬೇರೆ ಚಿಕಿತ್ಸೆ ಕೊಟ್ಟೆವು. ಕೊಪ್ಪಳದ ಚರ್ಮ ವೈದ್ಯರಿಗೆ ಫೋನಿನಲ್ಲಿ ಚಿತ್ರ ಕಳಿಸಿದೆ. ಅವರೂ ಹೂಂ ಎಂದರು. ಕೂಸು ತಾಯಿಯ ಎದೆ ಮರೆತಿರಲಿಲ್ಲ. ಹಾಲು ಮೊದಲು ಹನಿ ಹನಿಯಾಗಿ ಬಂತು. ಚೀಪುವುದನ್ನು ಮಾತ್ರ ಗಂಗಾ ಬಿಡಲಿಲ್ಲ.

ಬುಧವಾರ ರೌಂಡ್ಸಿಗೆ ಹೋದಾಗ ವಾರ್ಡು ಬೇರೆಯೇ ಆಗಿ ಕೇಳಿಸಿತು. ಏನು ಬದಲಾಗಿದೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ಅಳು ಇರಲಿಲ್ಲ. ಗಂಗಾ ಕಣ್ಣು ಬಿಟ್ಟುಕೊಂಡು ತಿರುಗುವ ಫ್ಯಾನು ನೋಡುತ್ತ ಮಲಗಿತ್ತು. ಹನುಮವ್ವ ಪಕ್ಕದ ಮಂಚದವರಿಗೆ, "ಪರದೇಶದಾಗೂ ಐತಂತ ಈ ಬ್ಯಾನಿ. ನಾ ಕಣ್ಣಾರೆ ನೋಡೀನಿ," ಎಂದು ವಿವರಿಸುತ್ತಿದ್ದರು. ಗುರುವಾರ ಭೇದಿ ಹತೋಟಿಗೆ ಬಂತು. ವಾರದ ಕೊನೆಗೆ ಬಾಯಿಯ ಸುತ್ತಲಿನ ಹೊಪ್ಪಳೆ ಉದುರಿ, ಕೆಳಗೆ ಹೊಸ ತೊಗಲು ಕಾಣಿಸಿತು. ಪುಸ್ತಕದಲ್ಲಿ ಅದರ ಬಣ್ಣ ನಸುಗೆಂಪು. ನಮ್ಮಲ್ಲಿ ಎಳೆಯ ಮಾವಿನ ಚಿಗುರಿನ ಬಣ್ಣ.

ಅದರ ಮುಂದಿನ ಸೋಮವಾರ ಬಿಡುಗಡೆ. ವರದಿಯೂ ಅಂದೇ ಬಂದಿತ್ತು; ಝಿಂಕ್ ಮಟ್ಟ ಬಹಳ ಕಡಿಮೆ ಇತ್ತು. ಮಾತ್ರೆ ನಿಲ್ಲಿಸುವಂತಿಲ್ಲ, ಬಹುಶಃ ಜೀವನವಿಡೀ ಬೇಕು, ಕೊಪ್ಪಳಕ್ಕೆ ಆಗಾಗ ತೋರಿಸಬೇಕು ಎಂದು ಮೂವರನ್ನೂ ಕೂರಿಸಿ ಹೇಳಿದೆ. ಈ ದೋಷ ತಾಯಿ ಒಬ್ಬಳಿಂದ ಅಥವಾ ತಂದೆ ಒಬ್ಬನಿಂದ ಬರುವುದಲ್ಲ, ಇಬ್ಬರ ಕಡೆಯಿಂದಲೂ ಕೂಡಿದಾಗ ಮಾತ್ರ ಬರುತ್ತದೆ, ಒಳಸಂಬಂಧದ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು ಎಂದೂ ಹೇಳಬೇಕಾಗಿತ್ತು. ಮುಂದಿನ ಕೂಸಿನ ಪ್ರಶ್ನೆ ಇತ್ತಲ್ಲ.

ಹನುಮವ್ವ ಲೆಕ್ಕ ಹಾಕಿದರು. "ನನ್ನ ಮಗ, ನನ್ನ ತಮ್ಮನ ಮಗಳು. ಹಂಗಾದ್ರ ನನ್ನ ತವರ ಮನಿಯಿಂದನ ಬಂದಿರಬೇಕಲ್ರಿ?"

"ಹಂಗ ಇರಬಹುದು. ಯಾರ ತಪ್ಪೂ ಅಲ್ಲ ಹನುಮವ್ವ."

"ಎರಡ ತಿಂಗಳ ಚೇಳಿನ್ನ ಬೈದ್ನಿ," ಎಂದರು. ಆಮೇಲೆ ಎದ್ದು, ಮಾತ್ರೆಯ ಪಟ್ಟಿಯನ್ನು ಸೊಂಟದ ಚೀಲಕ್ಕೆ ಸೇರಿಸಿ, ಕೂಸನ್ನು ಎತ್ತಿಕೊಳ್ಳಲು ಹೋದವರು ಕೈ ಹಿಂದೆ ತೆಗೆದರು. "ನೀನ ಎತ್ಕೊ ರೇಣಿ. ಬಸ್ಸಿನ್ಯಾಗ ಹಸೀತೈತಿ ಅದಕ್ಕ."

ಬೆಳಿಗ್ಗೆಯ ಉಳಿದ ರೋಗಿಗಳನ್ನು ನೋಡಿ ಮುಗಿಸುವಾಗ ಒಂದೂವರೆ ಗಂಟೆ. ಆಕರ ಗ್ರಂಥಗಳು ನನಗೆ ರೋಗದ ಹೆಸರನ್ನು, ಗುರುತನ್ನು, ಔಷಧವನ್ನು ತಪ್ಪದೆ ಕೊಟ್ಟಿವೆ. ಒಂದು ಕೂಸಿಗೆ ಹಾಲು ಯಾಕೆ ಬಿಡಿಸಿದರು ಎಂಬುದು ಯಾವ ಪುಟದಲ್ಲೂ ಇರುವುದಿಲ್ಲ. ಅದನ್ನು ಮನೆಯ ಹಿರಿಯಳನ್ನೇ ಕೇಳಬೇಕು. ಕೇಳಿದ ಮೇಲೆ ಆಕೆಯನ್ನು ಗೆಲ್ಲಲು ಹೋಗಬಾರದು, ಆಕೆಗೆ ನೋಡಲು ಏನಾದರೂ ಕೊಡಬೇಕು. ಇಷ್ಟು ವರ್ಷದ ವೃತ್ತಿ ನನಗೆ ಕಲಿಸಿದ್ದರಲ್ಲಿ ಇದು ತಡವಾಗಿ ಬಂದ ಪಾಠ.

ಚಿತ್ರದ ಪುಸ್ತಕ ತೆರೆದೆ. ಹನುಮವ್ವನ ಬೆರಳಿನ ಎಣ್ಣೆ ಆ ಬಿಳಿ ಕೂಸಿನ ಬಾಯಿಯ ಮೇಲೆ ಗುಂಡಗೆ ಕೂತಿತ್ತು. ಹತ್ತಿಯಿಂದ ಒತ್ತಿ ತೆಗೆದಷ್ಟು ತೆಗೆದೆ, ಪೂರ್ತಿ ಹೋಗಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದೆ: 'ನಮ್ಮಲ್ಲಿ ಅಂಚು ಕಪ್ಪು. ಹಾಲು ಬಿಡಿಸಿದ್ದು ಯಾವಾಗ, ಯಾಕೆ ಎಂದು ಕೇಳುವುದು.' ಎಣ್ಣೆ ಎದುರಿನ ಹಾಳೆಗೆ ಹತ್ತದಂತೆ ನಡುವೆ ತೆಳು ಕಾಗದ ಇಟ್ಟು ಮುಚ್ಚಿದೆ. ದೊಡ್ಡಾಕಿಯನ್ನು ಕೆಳಗೆ, ಸಣ್ಣಾಕಿಯನ್ನು ಮೇಲೆ ಇಟ್ಟು, ಬೀರುವಿಗೆ ಕೀಲಿ ಹಾಕಿ, ಕೀಲಿಯನ್ನು ಮಹಾದೇವಿಯ ಕೈಗೆ ಕೊಟ್ಟೆ.